ಎಣಿಸದೆ ಹೋದ ಶುಕ್ರವಾರ

ಒಮಾನಿನ ಅಲ್ ಹೈಲ್‌ನಲ್ಲಿ ನಮ್ಮ ಮೇಲಿನ ಮನೆಯ ಹುಡುಗಿಗೆ ವೈದ್ಯೆಯಾಗಬೇಕಿತ್ತು. ಅವಳು ಅರ್ಜಿ ಹಾಕಲಿದ್ದ ಕಾಲೇಜಿನವರು ಪ್ರವೇಶ ಪರೀಕ್ಷೆಯ ಅಂಕದ ಜೊತೆಗೆ ಸಂಶೋಧನೆಯ ಅನುಭವವನ್ನೂ ಕೇಳುತ್ತಿದ್ದರು. ಹಾಗಾಗಿ ಓದಿನ ನಡುವೆ ದಿನವೂ ಒಂದು ಪ್ರಯೋಗಾಲಯಕ್ಕೆ ಹೋಗಿ, ನೀರಿನ ತಟ್ಟೆಗಳಲ್ಲಿ ಬೆಳೆಯುವ ಸೊಳ್ಳೆಮರಿಗಳನ್ನು ಎಣಿಸಿ ಬರುತ್ತಿದ್ದಳು. ಶುಕ್ರವಾರ, ಶನಿವಾರ ರಜೆಯಾದ್ದರಿಂದ ನಾನೇ ಕಾರಿನಲ್ಲಿ ಬಿಡುತ್ತಿದ್ದೆ.

“ಅವಕ್ಕೆ ಶುಕ್ರವಾರ ಅಂತ ಗೊತ್ತುಂಟಾ ಅಂಕಲ್?” ಎನ್ನುವಳು. ಮರುಕ್ಷಣ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ ಸೂತ್ರಗಳನ್ನು ಗುನುಗುವಳು.

ತೈಲದ ಬೆಲೆ ಕುಸಿದ ಆ ವರ್ಷ ಅವಳ ತಂದೆಗೆ ಕಂಪನಿ ನೋಟಿಸ್ ಕೊಟ್ಟಿತು.

“ವೀಸಾ ಮುಗಿಯುವವರೆಗೆ ಮಾತ್ರ ನಾವಿಲ್ಲಿ. ಲ್ಯಾಬ್ ಖಲಾಸ್ ಮಗಳೇ, ಪರೀಕ್ಷೆ ಒಂದೇ ನೋಡು” ಎಂದರು ಅವರು.

“ಇನ್ನು ಸ್ವಲ್ಪವೇ ಉಂಟಪ್ಪ” ಎಂದಳು.

ಮರುವಾರ ಕೋಚಿಂಗಿನವರು ಮಾದರಿ ಪರೀಕ್ಷೆಯನ್ನು ಶುಕ್ರವಾರ ಇಟ್ಟರು. ಅವಳು ಅದನ್ನು ಬರೆದಳು, ಲ್ಯಾಬಿಗೆ ಹೋಗಲಾಗದೆ ಆ ದಿನದ ಎಣಿಕೆ ತಪ್ಪಿಹೋಯಿತು. ಶನಿವಾರ ನಾನು ಲ್ಯಾಬಿನ ಬಾಗಿಲಲ್ಲಿ ಕಾಯುತ್ತಿದ್ದೆ. ಅಲ್ಲಿ ಅವಳ ಜೊತೆಗೆ ಕೆಲಸ ಮಾಡುತ್ತಿದ್ದ ಮಂಗಳೂರಿನ ಹುಡುಗಿ, “ನಿನ್ನೆಯದ್ದು ಅಂದಾಜಲ್ಲಿ ಬರಿ ಮಾರಾಯ್ತಿ. ನುಸಿಮರಿ ಬಂದು ಸಾಕ್ಷಿ ಹೇಳ್ತದಾ?” ಎಂದಳು.

ಇವಳು ನಗಲಿಲ್ಲ. ನೇರ ಲ್ಯಾಬಿನ ಪ್ರೊಫೆಸರರ ಬಳಿ ಹೋಗಿ, ಶುಕ್ರವಾರ ಎಣಿಸಿಲ್ಲವೆಂದು ಹೇಳಿದಳು. ಒಂದು ದಿನ ತಪ್ಪಿದರೂ ಇಡೀ ಪ್ರಯೋಗವನ್ನು ಮೊದಲಿನಿಂದ ಮಾಡಬೇಕಾಗುತ್ತದೆ ಎಂದರು ಅವರು. ಅದಕ್ಕೆ ಬೇಕಾದಷ್ಟು ದಿನ ಅವಳಿಗೆ ಒಮಾನಿನಲ್ಲಿ ಉಳಿದಿರಲಿಲ್ಲ. ಅವಳು ತಟ್ಟೆಗಳನ್ನು ಖಾಲಿ ಮಾಡಿ, ತೊಳೆದು, ಕವುಚಿಟ್ಟು ಬಂದಳು.

ಕಾರು ಹೆದ್ದಾರಿಗೆ ಬಂತು. ಅವಳು ಭೌತಶಾಸ್ತ್ರದ ಪುಸ್ತಕ ತೆರೆದಳು.

“ಎಸಿ ಸ್ವಲ್ಪ ಕಮ್ಮಿ ಮಾಡ್ತೀರಾ ಅಂಕಲ್? ಹಾಳೆ ಹಾರ್ತದೆ.”