ಪೆನ್ಸಿಲ್ಲಿನ ‘ಇವನೇ’

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು ಕೂತು ಅವರಿಗೆ ದೂರಪ್ಪ ಎಂಬ ಹೆಸರೇ ಗಟ್ಟಿಯಾಗಿಬಿಟ್ಟಿತ್ತು. ಇಟ್ಟವರು ಸಹೋದ್ಯೋಗಿಗಳು, ದೂರಪ್ಪನವರು ಮಾತ್ರ ಅದನ್ನು ಬಿರುದೆಂದೇ ತಿಳಿದಿದ್ದರು. ಬೆಳಗ್ಗೆ ಬೆನ್ನು ಕುರ್ಚಿಗೆ ತಾಗುವಷ್ಟರಲ್ಲಿ ಕಿಟಕಿಯಾಚೆ ಜನರ ಸಾಲು. ನಲ್ಲಿಯಲ್ಲಿ ನೀರಿಲ್ಲ, ಬಂದರೆ ಕೆಂಪಗಿದೆ, ಪೈಪು ಒಡೆದು ಬೀದಿಯೆಲ್ಲ ಹೊಳೆ, ಬೀದಿಗೆ ಬಂದದ್ದು ಮನೆಗೆ ಬರುತ್ತಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಕಥೆಯ ಕೊನೆ ದೂರಪ್ಪನವರಿಗೆ ಗೊತ್ತು. ‘ನಾಳೆ ಜನ ಕಳಿಸ್ತೀವಿ’ ಅನ್ನುವುದು, ನಾಳೆ ಯಾರೂ ಹೋಗದಿರುವುದು, ನಾಡಿದ್ದು ಅದೇ ಮುಖ ಇನ್ನಷ್ಟು ಊದಿಕೊಂಡು ಕಿಟಕಿಗೆ ಬರುವುದು. ವರ್ಷಗಟ್ಟಲೆ ಕೊನೆ ಗೊತ್ತಿರುವ ಕಥೆಗಳನ್ನೇ ಕೇಳಿ ಮನುಷ್ಯ ಹಿಂಡಿ ಹಾಕಿದ ಬಟ್ಟೆಯಂತಾಗಿದ್ದರು.

ಹಾಗಾಗಿ ಸಂಜೆ ಅವರಿಗೆ ಕೊನೆ ಗೊತ್ತಿಲ್ಲದ ಕಥೆ ಬೇಕಿತ್ತು. ಕಚೇರಿಯ ಹಿಂದಿನ ಬೀದಿಯ ಬಾಡಿಗೆ ಲೈಬ್ರರಿಯಿಂದ ಅಪರಾಧ ಕಥೆಗಳ ಸಂಕಲನ ತರುತ್ತಿದ್ದರು. ಕಾದಂಬರಿ ಅವರಿಗೆ ಆಗದು. ಮುಗಿಯುವ ಹೊತ್ತಿಗೆ ಸತ್ತವರು ಯಾರೆಂದೇ ಮರೆತಿರುತ್ತದೆ. ಸಂಕಲನವಾದರೆ ದಿನಕ್ಕೊಂದು ಹೆಣ, ಅಂದಂದಿನ ಲೆಕ್ಕ ಅಂದಂದಿಗೆ ಚುಕ್ತಾ. ಅವರು ಹುಡುಕುತ್ತಿದ್ದುದು ಕತ್ತಲೆ ಕಥೆಗಳನ್ನು. ಪತ್ತೇದಾರ ಬಂದು ಭಾಷಣ ಬಿಗಿಯುವಂಥವಲ್ಲ, ನಮ್ಮ ನಿಮ್ಮಂಥ ಸಾಧಾರಣ ಜನ ಒಂದು ದಿನ ತಣ್ಣಗೆ ಕೈಮಾಡಿಬಿಡುವಂಥವು. ಓದುವುದಕ್ಕೆ ನೇಮವೂ ಇತ್ತು: ಸಂಜೆಗೆ ಒಂದೇ ಕಥೆ, ಮುಂದಿನ ಪುಟ ತಿರುವಬಾರದು, ಪರಿವಿಡಿಯತ್ತ ಕಣ್ಣೆತ್ತಿಯೂ ನೋಡಬಾರದು. ಇಷ್ಟು ವ್ರತನಿಷ್ಠೆಯಿಂದ ಕೊಲೆ ಓದುವವರು ಬೇರೆ ಯಾರಿದ್ದಾರೆ ಎಂದು ಅವರೇ ಆಗಾಗ ಹೇಳಿಕೊಳ್ಳುತ್ತಿದ್ದರು.

ಆ ನೆಮ್ಮದಿಗೇ ಕಲ್ಲು ಬಿತ್ತು. ಕಥೆ ಇನ್ನೂ ಅರ್ಧದಲ್ಲಿದೆ, ಮನೆಯವರೆಲ್ಲ ಹೆಣದ ಸುತ್ತ ಕೂತು ಅಳುತ್ತಿದ್ದಾರೆ, ಒಬ್ಬನ ಹೆಸರಿನ ಕೆಳಗೆ ಪೆನ್ಸಿಲ್ಲಿನ ಗೆರೆ, ಪಕ್ಕದಲ್ಲಿ ಒಂದೇ ಮಾತು: ‘ಇವನೇ.’ ಕೊನೆಗೆ ನೋಡಿದರೆ ಅವನೇ. ಮರುದಿನದ ಕಥೆಯಲ್ಲಿ ಒಬ್ಬ ನಾದಿನಿಯ ಪಕ್ಕ ‘ಇವಳೇ.’ ಅವಳೇ. ಪುಸ್ತಕ ಬದಲಾಯಿಸಿದರೂ ಇದೇ ಪಾಡು. ಮೊದಲ ಕಥೆ ಮಾತ್ರ ಪ್ರತಿ ಸಲವೂ ಚೊಕ್ಕ. ಎರಡನೆಯದರಿಂದ ಕಾಟ ಶುರು.

“ಮೊದಲನೇ ಕಥೆ ಬಿಟ್ಟುಕೊಟ್ಟು ನಂಬಿಸ್ತಾನೆ. ಪಕ್ಕಾ ಕಸುಬುದಾರ” ಎಂದು ದೂರಪ್ಪನವರು ಲೈಬ್ರರಿಯವನ ಮುಂದೆ ಅಪರಾಧಿಯ ಮನಸ್ಸನ್ನು ಬಿಡಿಸಿಟ್ಟರು. ದಿನವಿಡೀ ದೂರು ಕೇಳುವವರು ದೂರು ಕೊಡಲು ನಿಂತರೆ ಸುಲಭಕ್ಕೆ ಕದಲುವುದಿಲ್ಲ. ಅಲ್ಲೇ ಬೆಂಚಿನ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಕೂತಿದ್ದರು. ಅವರ ಜೇಬಿನಲ್ಲಿ ಪೆನ್ಸಿಲ್ಲು ಕಂಡದ್ದೇ ದೂರಪ್ಪನವರ ಹುಬ್ಬು ಮೇಲೇರಿತು.

“ಮೇಷ್ಟ್ರೇ, ಈ ಪೆನ್ಸಿಲ್ ಯಾತಕ್ಕೆ?”

“ಪದಬಂಧ ತುಂಬೋಕೆ.”

“ತಪ್ಪು ಮಾಡಿದೋರ ಹತ್ರ ಒಂದು ಕಾರಣ ತಯಾರಾಗೇ ಇರುತ್ತೆ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ನಾನು ಓದೋದು ಪ್ರವಾಸಕಥನ ಕಣ್ರೀ. ಹೆಣ ಅಂದ್ರೆ ನನಗೆ ಊಟ ಸೇರಲ್ಲ. ನೀವು ಸ್ವಲ್ಪ ರಜ ಹಾಕಿ ಮಲಗಿ.”

ಜಗಳ ಬೇಡವೆಂದು ಲೈಬ್ರರಿಯವನು ಹೊಸದೊಂದು ಸಂಕಲನ ತೆಗೆದು, ರಬ್ಬರು ಹಿಡಿದು, ಮೊದಲಿನಿಂದ ಕೊನೆಯವರೆಗೆ ಪುಟಪುಟ ತಿರುವಿ ಪರೀಕ್ಷಿಸಿದ. ವ್ರತಕ್ಕೆ ಭಂಗ ಬಾರದಿರಲೆಂದು ದೂರಪ್ಪನವರು ಗೋಡೆಯತ್ತ ಮುಖ ಮಾಡಿ ನಿಂತಿದ್ದರು. “ಒಂದು ಚುಕ್ಕೆಯೂ ಇಲ್ಲ ಸಾರ್. ಸೀದಾ ಮನೆಗೆ ಹೋಗಿ. ಇನ್ನು ಇದರಲ್ಲಿ ಗೆರೆ ಕಂಡರೆ ನನ್ನನ್ನ ಕೇಳಬೇಡಿ” ಎಂದ.

ಅಂದು ಸಂಜೆ ಮೊದಲ ಕಥೆ ಸುಖವಾಗಿ ಮುಗಿಯಿತು. ಮರುದಿನ ಕಚೇರಿಯಿಂದ ಬಂದು, ಸೋತ ಕಾಲನ್ನು ಮೋಟು ಮೇಜಿನ ಮೇಲಿಟ್ಟು ಎರಡನೆಯದನ್ನು ತೆರೆದರು. ಮೂರನೆಯ ಪುಟದಲ್ಲಿ, ಪಾಪದ ಒಬ್ಬ ಔಷಧಿ ಅಂಗಡಿಯವನ ಪಕ್ಕ, ‘ಇವನೇ.’

ದೂರಪ್ಪನವರು ಲೆಕ್ಕ ಹಾಕತೊಡಗಿದರು. ಪುಸ್ತಕ ಮನೆಯಿಂದ ಹೊರಗೆ ಹೋಗಿಲ್ಲ. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿರುವುದು ಇಬ್ಬರೇ. ಅವರಲ್ಲಿ ಒಬ್ಬರು ತಾವು. ಇಷ್ಟು ಪುಸ್ತಕ ಅರಗಿಸಿಕೊಂಡ ತಲೆಗೆ ಈ ಕಳೆಯುವ ಲೆಕ್ಕ ಹೊಳೆಯಲು ಸ್ವಲ್ಪ ಸಮಯವೇ ಹಿಡಿಯಿತು. ಅಕ್ಷರ ಹೆಂಡತಿಯದೋ ಅಲ್ಲವೋ ಎಂದು ಹೋಲಿಸಿ ನೋಡೋಣವೆಂದರೆ, ಅವಳ ಅಕ್ಷರ ಹೇಗಿರುತ್ತದೆಂಬುದೇ ನೆನಪಿಗೆ ಬರಲಿಲ್ಲ.

ಅಡುಗೆಮನೆಯತ್ತ ತಿರುಗಿ ಎಂದಿನಂತೆ ಕರೆದರು: “ಇವಳೇ.”

ಕರೆದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು. ಮದುವೆಯಾದಂದಿನಿಂದ ಅವಳನ್ನು ಕರೆಯುತ್ತಿದ್ದುದೇ ಹಾಗೆ.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವರು ಪುಟದ ಮೇಲೆ ಬೆರಳಿಟ್ಟರು. ಅವಳು ಬಗ್ಗಿ ನೋಡಿ, “ಹೌದು, ನಾನೇ ಬರೆದಿದ್ದು” ಎಂದಳು, ಹಾಲು ತಂದೆಯಾ ಎಂದು ಕೇಳಿದರೆ ಹೇಳುವ ಹಾಗೆ.

“ಯಾಕೆ?”

“ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಓದ್ತೀನಿ. ಇಡೀ ಪುಸ್ತಕ ಅವತ್ತೇ. ಆಮೇಲೆ ನನಗೆ ಮೊದಲೇ ಹೊಳೆದಿತ್ತು ಅಂದ್ರೆ ಯಾರೂ ನಂಬಲ್ಲ. ಅದಕ್ಕೇ ಹೊಳೆದ ಕಡೆ ಬರೆದಿಡ್ತೀನಿ.”

“ಕೊನೆ ಓದಿ ಬರೆದದ್ದಲ್ವಾ ಇದು?”

“ಕೊನೆ ಯಾರು ಓದ್ತಾರೆ. ಗೊತ್ತಾದ ಮೇಲೆ ಮುಂದಿನ ಕಥೆಗೆ ಹೋಗ್ತೀನಿ.” ಹೊರಟವಳು ತಿರುಗಿ, “ಸರಿ ಇರುತ್ತಾ?” ಎಂದು ಕೇಳಿದಳು.

ಒಂದೂ ಸರಿಯಿಲ್ಲ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಬೆಳಗಿನಿಂದ ಕಿಟಕಿಯಲ್ಲಿ ಸುಳ್ಳು ಹೇಳಿ ದಣಿದಿದ್ದ ನಾಲಿಗೆ ಇನ್ನೊಂದಕ್ಕೆ ಏಳಲಿಲ್ಲ. “ಎಲ್ಲಾ ಸರಿ” ಎಂದರು. “ಅದು ಹೇಗೆ ಕಂಡುಹಿಡೀತೀಯ? ನನಗೇ ಕೊನೇ ಪುಟದವರೆಗೂ ಗೊತ್ತಾಗಲ್ಲ.”

“ನೀವು ಯಾರ ಕೈಯಲ್ಲಿ ಚಾಕು ಇದೆ ಅಂತ ನೋಡ್ತೀರಿ. ನಾನು ಯಾರಿಗೆ ಸಾಕಾಗಿದೆ ಅಂತ ನೋಡ್ತೀನಿ. ಏನೂ ಮಾತಾಡದೆ ಎಲ್ಲರಿಗೂ ಬಡಿಸ್ತಾ ಇರ್ತಾರಲ್ಲ, ಅವರೇ.”

ದೂರಪ್ಪನವರು ಕಾಲನ್ನು ಮೇಜಿನಿಂದ ಕೆಳಗಿಳಿಸಿದರು. “ಮತ್ತೆ... ನಿನಗೆ?”

“ನನಗೇನು” ಎಂದು ಹೆಂಡತಿ ಒಳಗೆ ಹೋದಳು. ಅಡುಗೆಮನೆಯಿಂದ ತರಕಾರಿ ಹೆಚ್ಚುವ ಸದ್ದು ನಿಧಾನವಾಗಿ, ಒಂದೇ ಸಮನೆ ಬರತೊಡಗಿತು.

ಅಂದು ಊಟವಾದ ಮೇಲೆ ದೂರಪ್ಪನವರು ತಮ್ಮ ತಟ್ಟೆ ತಾವೇ ತೊಳೆದರು. ಹೆಂಡತಿ ಅದನ್ನು ಇನ್ನೊಮ್ಮೆ ತೊಳೆದಳು.

ಆಮೇಲೆ ರಾಜಿಯ ಮಾತು ಎತ್ತಿದ್ದು ಅವರೇ. “ಬರೀಬೇಡ ಅನ್ನಲ್ಲ. ನಡುವೆ ಬರೀಬೇಡ. ನನಗಿರೋದು ಅದೊಂದೇ, ಕೊನೆ ಗೊತ್ತಿಲ್ಲದ್ದು.”

“ಮತ್ತೆ ಎಲ್ಲಿ ಬರೀಲಿ?”

“ಕಥೆ ಮುಗಿದ ಮೇಲೆ, ಕೆಳಗೆ.”

“ಸರಿಯೋ ತಪ್ಪೋ ನನಗೆ ಹೇಗೆ ಗೊತ್ತಾಗಬೇಕು?”

“ನಾನು ಓದಿದ ಮೇಲೆ ಹೇಳ್ತೀನಿ.”

“ನೀವು ಹೇಳೋದು ನಂಗೊತ್ತು. ಹೇಳೋ ಹೊತ್ತಿಗೆ ನಿಮಗೆ ನಿದ್ದೆ ಬಂದಿರುತ್ತೆ. ನೀವೂ ಬರೆದಿಡಿ.”

ಹಾಗೆ ಸಂಜೆಗಳು ಮತ್ತೆ ಅವರ ಕೈಗೆ ಬಂದವು. ಕಥೆ ಕೊನೆಯವರೆಗೂ ಕತ್ತಲಾಗಿಯೇ ಉಳಿಯಿತು. ಮುಗಿದ ಮೇಲೆ ಕೆಳಗೆ ಅವಳ ಪೆನ್ಸಿಲ್ಲು: ‘ತಮ್ಮ. ಸರಿನಾ?’ ಅದರಡಿ ಇವರ ಪೆನ್ನು: ‘ಸರಿ.’ ಒಮ್ಮೆ ‘ತಪ್ಪು, ಸೋದರಮಾವ’ ಎಂದು ಬರೆಯುವ ಭಾಗ್ಯವೂ ಒದಗಿತು. ಮರುದಿನ ಅದರ ಕೆಳಗೆ ಪೆನ್ಸಿಲ್ಲು ಉತ್ತರಿಸಿತ್ತು: ‘ಸೋದರಮಾವನಿಗೆ ಅಷ್ಟು ಧೈರ್ಯ ಇಲ್ಲ. ಬರೆದವರಿಗೇ ತಿಳಿದಿಲ್ಲ.’

ಪುಸ್ತಕ ಹಿಂತಿರುಗಿಸಿದ ಮುಂದಿನ ವಾರ ದೂರಪ್ಪನವರು ಲೈಬ್ರರಿಗೆ ಹೋದರು. ಮೊದಲು ಬೆಂಚಿನ ಬಳಿ ನಿಂತು, “ಮೇಷ್ಟ್ರೇ, ಅವತ್ತು ಅಂದದ್ದು ಹೆಚ್ಚಾಯ್ತು” ಎಂದರು. ಮೇಷ್ಟ್ರು ಪದಬಂಧದಿಂದ ತಲೆಯೆತ್ತದೆ, “ಮಲಗಿದ್ರಾ?” ಎಂದರು.

ಲೈಬ್ರರಿಯವನು ತಲೆ ಮೇಲೆ ಕೈಹೊತ್ತು ಕೂತಿದ್ದ. “ಕೆಟ್ಟೆ ಸಾರ್. ನಿಮ್ಮ ಆ ಕಳ್ಳನಿಗೆ ಈಗ ಜೊತೆಗಾರ ಬೇರೆ ಸಿಕ್ಕಿದ್ದಾನೆ. ಇಬ್ಬರೂ ಪುಸ್ತಕದಲ್ಲೇ ಮಾತಾಡ್ತಾ ಇದ್ದಾರೆ. ಮೊದಲನೆಯವನಾದ್ರೂ ವಾಸಿ, ರಬ್ಬರಿಗೆ ಹೋಗ್ತಿತ್ತು. ಇವನು ಪೆನ್ನಲ್ಲಿ ಬರೀತಾನೆ.”

ಬೇರೆ ದಿನವಾಗಿದ್ದರೆ ದೂರಪ್ಪನವರು ಅಪರಾಧಿಗಳ ಮನಸ್ಸಿನ ಬಗ್ಗೆ ಒಂದು ಉಪನ್ಯಾಸವನ್ನೇ ಕೊಡುತ್ತಿದ್ದರು. ಅಂದು ಕಪಾಟಿನ ಕಡೆ ನೋಡುತ್ತ, “ಹೊಸ ಸಂಕಲನ ಯಾವುದಿದೆ?” ಎಂದಷ್ಟೇ ಕೇಳಿದರು.

“ಇದು ದಪ್ಪ ಇದೆ ಸಾರ್. ಅಕ್ಷರ ಮಾತ್ರ ಸಣ್ಣ.”

“ಪರವಾಗಿಲ್ಲ. ಕಥೆ ಮುಗಿದ ಕಡೆ ಕೆಳಗೆ ಜಾಗ ಇದೆಯಾ ನೋಡಿ.”