ಬಶೀರುನ್ನೀಸಾ ಅರೆದ ಒಂದೆಲಗ

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಬಶೀರುನ್ನೀಸಾಳ ಬಾಯಿಗೆ ಹೆದರದವರಿಲ್ಲ. ಅಂಥ ಬಾಯಿಯೇ ಈಚೆಗೆ ಸುಮ್ಮನಾಗಿತ್ತು. ಕಾರಣ, ಗಂಡ ಹೈದರ್. ಪವರ್‌ಲೂಮಿನಲ್ಲಿ ರೇಷ್ಮೆ ಸೀರೆ ನೇಯ್ದೇ ತಲೆ ನರೆತ ಮನುಷ್ಯ. ಮುಂದೊಂದು ಮಗ್ಗ, ಬೆನ್ನ ಹಿಂದೊಂದು ಮಗ್ಗ, ಎರಡನ್ನೂ ಒಬ್ಬನೇ ನಿಭಾಯಿಸುತ್ತಿದ್ದ. ಈ ರಂಜಾನ್ ಕಳೆದ ಮೇಲೆ, ನೂಲು ತೀರಿ ಹಿಂದಿನ ಮಗ್ಗ ನಿಂತೇ ಹೋದರೂ ಅವನಿಗೆ ಪರಿವೆಯಿಲ್ಲ. ಅವನ ಅಣ್ಣನಿಗೂ ಹೀಗೇ ಶುರುವಾಗಿತ್ತು. ಮೊದಲು ಗಮನ ಹೋಯಿತು, ಆಮೇಲೆ ಹೆಂಡತಿಯ ಹೆಸರೇ ಮರೆತುಹೋಯಿತು. ಅದನ್ನು ನೆನೆದರೆ ಬಶೀರುನ್ನೀಸಾಳಿಗೆ ಭಯವಾಗುತ್ತಿತ್ತು.

ಸೊಪ್ಪು ಮಾರುವ ಮುನಿವೆಂಕಟಮ್ಮನ ಹತ್ತಿರ ಹೇಳಿಕೊಂಡು ಅತ್ತಳು.

"ಅಳ್ತಾ ಕೂತ್ರೆ ಆಯ್ತದಾ? ಒಂದೆಲಗ ಅರ್ದು, ಜೇನುತುಪ್ಪ ಹಾಕಿ ಖಾಲಿ ಹೊಟ್ಟೇಲಿ ಕುಡ್ಸಮ್ಮ. ಗ್ಯಾನ ನಿಲ್ತದೆ," ಎಂದಳು ಮುನಿವೆಂಕಟಮ್ಮ.

ಬಶೀರುನ್ನೀಸಾ ಒಂದೆಲಗ ಅರೆದಳು. ಅದು ಸಾಲದೆಂದು ಬಜೆ ತೇಯ್ದಳು, ಬಾದಾಮಿ ನೆನೆಹಾಕಿದಳು. ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ರಂಪ ಮಾಡುವ ಹೈದರ್, ಆ ಹಸಿರು ರಸವನ್ನು ಮಾತ್ರ ತುಟಿಪಿಟಕ್ಕೆನ್ನದೆ ಕುಡಿದ. ಆದರೂ ಏನೂ ಗುಣ ಕಾಣಲಿಲ್ಲ.

ಒಂದು ದಿನ ಅರೆಯುವುದು ತಡವಾಗಿ, ಲೋಟ ಹಿಡಿದು ಮಗ್ಗದ ಶೆಡ್ಡಿಗೇ ಹೋದಳು. ಬಾಗಿಲಲ್ಲಿರುವಾಗಲೇ ಹಿಂದಿನ ಮಗ್ಗ ನಿಂತದ್ದು ಅವಳಿಗೆ ತಿಳಿಯಿತು. ಎರಡು ಮಗ್ಗದ ಸದ್ದು ಒಂದಾದರೆ ನೇಕಾರರ ಮನೆಯ ಕೂಸಿಗೂ ಗೊತ್ತಾಗುತ್ತದೆ. ಹೈದರ್ ತಿರುಗಲಿಲ್ಲ. ಹತ್ತಿರ ಹೋಗಿ ನೋಡುತ್ತಾಳೆ, ಎರಡೂ ಕಿವಿಯಲ್ಲಿ ಹತ್ತಿ!

"ಇದೇನ್ರೀ ಇದು?" ಎಂದು ಕಿತ್ತು ತೆಗೆದಳು.

"ರಂಜಾನಿಗೆ ಬಂದಿದ್ದಾಗ ಮಗಳು ಕೊಟ್ಟಿದ್ದು. ಈ ಸದ್ದಿಗೆ ಕಿವಿ ಹೋಗುತ್ತೆ ಅಂದ್ಳು. ಆಗಿಂದ ಹಾಕ್ಕೊತಿದ್ದೀನಿ."

"ಯಾ ಅಲ್ಲಾ! ಬೆನ್ನ ಹಿಂದಿನ ಮಗ್ಗ ನಿಂತಿದ್ದು ನಿಮಗೆ ಗೊತ್ತಾಗ್ತಿದ್ದಿದ್ದೇ ಕಿವಿಯಿಂದ ಕಣ್ರೀ. ಬೆನ್ನಲ್ಲಿ ಕಣ್ಣಿತ್ತು ಅಂದ್ಕೊಂಡ್ರಾ?"

ಹೈದರನಿಗೆ ನಂಬಿಕೆ ಬರಲಿಲ್ಲ. ನೂಲು ಹಾಕಿ ಹಿಂದಿನ ಮಗ್ಗ ಓಡಿಸಿದ. ಬರಿಗಿವಿಯಲ್ಲಿ ಮುಂದಿನದರ ಮೇಲೆ ಬಗ್ಗಿದ. ಆ ನೂಲೂ ತೀರಿ ಸದ್ದು ಕುಂದಿದ್ದೇ ತಡ, ಗಕ್ಕನೆ ತಿರುಗಿದ. ಬಶೀರುನ್ನೀಸಾಳಿಗೆ ಹೋದ ಜೀವ ಬಂದಂತಾಯಿತು. ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಹಂಗಾದ್ರೆ ನಾನು ಅಣ್ಣನ ಥರ ಆಗ್ತಿಲ್ವಾ?" ಎಂದ ಹೈದರ್.

"ನಿಮಗೂ ಅದೇ ಭಯ ಇತ್ತಾ? ಒಂದು ಮಾತು ಹೇಳ್ಬಾರ್ದಿತ್ತಾ?"

ಹೈದರ್ ತಲೆ ತಗ್ಗಿಸಿದ.

"ದಿನಾ ಮಲಗೋ ಮುಂಚೆ ನಿನ್ನ ಹೆಸರು ಹೇಳ್ಕೊತಿದ್ದೆ. ಎಲ್ಲಿ ಮರ್ತೋಗುತ್ತೋ ಅಂತ."