ಟೆಂಡರ್ ಲಕೋಟೆಯಲ್ಲಿ ನಾನಿಟ್ಟ ಹೆಚ್ಚಿನ ಹಾಳೆ

ಸಿದ್ದಾಪುರದ ಶಾಲಾ ರಿಜಿಸ್ಟರುಗಳ ಮುದ್ರಣದ ಟೆಂಡರ್ ಸತತ ಮೂರನೇ ವರ್ಷ, ಅಪ್ಪನ ಹತ್ತಿರ ಕೆಲಸ ಕಲಿತು ಹೋದ ಅವನಿಗೇ ಸಿಕ್ಕಾಗ, ಒಳಗೆ ಯಾರದೋ ಕೈ ಇದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಪುರಾವೆ ಇರಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಹೀಗೆ ಪುರಾವೆ ಇಲ್ಲದೆ ಮಾತಾಡಿದ್ದರೆ ಅರ್ಧ ನಿಮಿಷದಲ್ಲಿ ಅವನನ್ನು ಕೂರಿಸುತ್ತಿದ್ದೆ. ನನ್ನ ಹೊಟ್ಟೆಕಿಚ್ಚಿನ ಹತ್ತಿರ ಮಾತ್ರ ನಾನು ಪುರಾವೆ ಕೇಳಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಶಿರಸಿಯ ಪೇಟೆಯ ಹಿಂದಿನ ಓಣಿಯಲ್ಲಿ ಅಪ್ಪನ ಮುದ್ರಣಾಲಯವಿತ್ತು. ಕಾಲಿನಿಂದ ತುಳಿದು ನಡೆಸುವ ಒಂದು ಟ್ರೆಡಲ್ ಯಂತ್ರ, ಸೀಸದ ಅಕ್ಷರದ ಮೊಳೆಗಳು ತುಂಬಿದ ಮರದ ಖಾನೆಗಳು, ಮೊಳೆ ಜೋಡಿಸುವ ಇಬ್ಬರು ಕೆಲಸಗಾರರು. ಅವನೂ ಅಲ್ಲಿಯೇ ನಾಲ್ಕು ವರ್ಷ ಮೊಳೆ ಜೋಡಿಸಿ ಕಲಿತವನು. ಸಿದ್ದಾಪುರದ ಕಡೆಯ ಗದ್ದೆ ಬೇಸಾಯದ ಮನೆತನದವನು. ನನಗಿಂತ ಐದಾರು ವರ್ಷ ದೊಡ್ಡವನು. ಓದು ಹತ್ತನೇ ತರಗತಿಗೆ ನಿಂತಿತ್ತು. ಆಮೇಲೆ ಸಿದ್ದಾಪುರದಲ್ಲೇ ಹಳೆಯ ಯಂತ್ರವೊಂದನ್ನು ಹಾಕಿಕೊಂಡ. ಅವನು ಅಚ್ಚು ಮಾಡಿದ ರಿಜಿಸ್ಟರೊಂದು ಹೇಗೋ ನಮ್ಮ ಮನೆಗೆ ಬಂದಿತ್ತು. ಬಂದವರಿಗೆಲ್ಲ ಅಪ್ಪ ಅದನ್ನು ಬಿಡಿಸಿ ತೋರಿಸುತ್ತಿದ್ದರು. ನಾನು ಗೆದ್ದ ಮೂರು ಪಾರಿತೋಷಕಗಳು ಅದೇ ಕೋಣೆಯ ಕಪಾಟಿನ ಮೇಲಿದ್ದವು. ಅವುಗಳ ಕಡೆಗೆ ಯಾರ ಕಣ್ಣನ್ನೂ ಅಪ್ಪ ತಿರುಗಿಸಿದ್ದು ನನಗೆ ನೆನಪಿಲ್ಲ.

ಮರುವರ್ಷ ಮದುವೆ ಕರೆಯೋಲೆಗಳು ಪೂರ್ತಿ ಹುಬ್ಬಳ್ಳಿಯ ಆಫ್‌ಸೆಟ್ ಮುದ್ರಣಾಲಯಗಳಿಗೆ ಹೊರಟುಹೋದವು. ಮಳೆಗಾಲದೊಳಗೆ ದೊಡ್ಡ ಕೆಲಸ ಬಾರದಿದ್ದರೆ ಯಂತ್ರ ಮಾರಿ ಬಾಗಿಲು ಹಾಕುವುದೆಂದು ಅಪ್ಪ ಹೇಳಿಯೇಬಿಟ್ಟರು. ಸಿದ್ದಾಪುರದ ಟೆಂಡರಿಗೆ ನಾವೂ ಹಾಕೋಣ ಎಂದೆ.

“ಅಲ್ಲಿ ಅಂವ ಹಾಕ್ತಾ ಇದ್ನಲಾ ತಮಾ. ನಾವು ಎಂತಕ್ಕೆ ಅಡ್ಡ ಹೋಗವು?”

“ಸರ್ಕಾರದ ಕೆಲಸ ಅವನ ಅಪ್ಪನ ಮನೆ ಆಸ್ತಿಯನಾ?”

“ಅವನ ಅಪ್ಪನ ಸುದ್ದಿ ನಿಂಗೆ ಬೇಡ. ಹಾಕದಾದ್ರೆ ಹಾಕು. ಆದ್ರೆ ಸಮಾ ಓದಿ ಹಾಕು.”

ಸಮಾ ಓದುವುದನ್ನು ನನಗೆ ಹೇಳಿಕೊಡಬೇಕೆ! ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋದೆ. ಶಿಕ್ಷಣ ಇಲಾಖೆಯ ಕಚೇರಿಯ ಫಲಕದ ಮೇಲಿದ್ದ ಪ್ರಕಟಣೆಯನ್ನು ಅಕ್ಷರ ಬಿಡದೆ ಬರೆದುಕೊಂಡು, ಕಿಟಕಿಯಲ್ಲಿ ಫಾರಂ ಕೊಂಡು, ಅಲ್ಲೇ ನಿಂತು ಪ್ರಶ್ನೆ ಶುರುಮಾಡಿದೆ. ಠೇವಣಿಯ ಡಿ.ಡಿ. ಯಾರ ಹೆಸರಿಗೆ? ಮಾರಾಟ ತೆರಿಗೆಯ ಪ್ರಮಾಣಪತ್ರದ ನಕಲು ಸಾಕೇ, ಅಸಲು ಬೇಕೇ? ಪೆಟ್ಟಿಗೆ ಮೂರು ಗಂಟೆಗೆ ಮುಚ್ಚುವುದಾದರೆ ಯಾರ ಗಡಿಯಾರದ ಮೂರು ಗಂಟೆ? ಹಾವೇರಿ ಕಡೆಯ ಗುಮಾಸ್ತರು ಕನ್ನಡಕ ಕೆಳಗಿಳಿಸಿ ನೋಡಿದರು.

“ಫಾರಂ ತಗೊಳ್ಳಾಕ ಬಂದೀರೋ, ನನ್ನ ಪರೀಕ್ಷಾ ತಗೊಳ್ಳಾಕ ಬಂದೀರೋ?”

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ನಗಲಿ ಎಂದುಕೊಂಡೆ. ಒಳಗಿನ ಕೈಯನ್ನು ಸೋಲಿಸುವ ದಾರಿ ಒಂದೇ: ಕಾಗದದಲ್ಲಿ ಕೂದಲೆಳೆಯ ಲೋಪವಿರಬಾರದು, ದರ ಅವನಿಗಿಂತ ಕೆಳಗಿರಬೇಕು. ಫಾರಮ್ಮಿನ ಹಿಂದಿದ್ದ ನಿಯಮಗಳೆಲ್ಲ ಎರಡು ದಿನದಲ್ಲಿ ಬಾಯಿಪಾಠವಾದವು. ಕಾಗದ, ಬೈಂಡಿಂಗು, ಸಾಗಣೆ ಎಲ್ಲ ಲೆಕ್ಕ ಹಾಕಿ ಅಪ್ಪ ದರ ಹೇಳಿದರು. ನಾನು ಅದರಿಂದ ಇನ್ನಷ್ಟು ಕೆತ್ತಿದೆ.

ಕಚೇರಿಯವರು ಆ ವರ್ಷ ಹೊಸದಾಗಿ ಕೊಟ್ಟ ರಿಜಿಸ್ಟರಿನ ಮಾದರಿಯಲ್ಲಿ ತಪ್ಪೊಂದಿದೆ ಎಂಬುದು ಆಗ ಕಣ್ಣಿಗೆ ಬಿತ್ತು. ಮಗುವಿನ ತಂದೆಯ ಹೆಸರು ಮತ್ತು ಊರಿಗೆ ಸೇರಿ ಕೊಟ್ಟಿದ್ದ ಕಾಲಂ ಎರಡು ಬೆರಳಿನಷ್ಟೂ ಅಗಲವಿರಲಿಲ್ಲ. ನಮ್ಮ ಕಡೆಯ ಹೆಸರುಗಳಿಗೆ ಮನೆಯ ಹೆಸರೂ ಮಜರೆಯ ಹೆಸರೂ ಅಂಟಿಕೊಂಡಿರುತ್ತವೆ. ಮಾಸ್ತರು ಬರೆಯುತ್ತ ಬರೆಯುತ್ತ ಅಂಚಿನಲ್ಲಿ ಮೇಲಕ್ಕೆ ಹತ್ತಬೇಕು. ಇಂಥ ತಪ್ಪು ಸಿಕ್ಕ ಮೇಲೆ ಸುಮ್ಮನಿರುವ ಜಾತಿ ನಾನಲ್ಲ. ಬಿಳಿ ಹಾಳೆಯೊಂದರಲ್ಲಿ ಮೂರು ಕಾರಣ ಕೊಟ್ಟು, ಸಂಭವನೀಯ ಆಕ್ಷೇಪ ಒಂದನ್ನು ನಾನೇ ಎತ್ತಿ ನಾನೇ ಖಂಡಿಸಿ, ಕೊನೆಗೆ, ಈ ಕಾಲಂ ಅಗಲ ಮಾಡಲು ಕಚೇರಿ ಒಪ್ಪುವುದಾದರೆ ನಮೂದಿಸಿದ ದರಕ್ಕೇ ಪೂರೈಸುತ್ತೇವೆ ಎಂದು ಬರೆದೆ. ಅದನ್ನು ಮಡಚಿ ಫಾರಂ ಜೊತೆ ಲಕೋಟೆಯೊಳಗಿಟ್ಟು ಅರಗು ಹಾಕಿದೆ. ಅಪ್ಪನಿಗೆ ತೋರಿಸಲಿಲ್ಲ. ಟೆಂಡರ್ ಗೆದ್ದ ಮೇಲೆ ತೋರಿಸುವ ಆಸೆಯಿತ್ತು.

ಲಕೋಟೆ ತೆರೆಯುವ ದಿನ ನಾಲ್ವರು ಬಂದಿದ್ದೆವು: ನಾನು, ಅವನು, ಶಿರಸಿಯ ಇನ್ನೊಬ್ಬರು, ಯಲ್ಲಾಪುರದಿಂದ ಬಂದ ವಯಸ್ಸಾದ ಯಜಮಾನರು. ಅಧಿಕಾರಿಗಳು ನಮ್ಮೆದುರೇ ಪೆಟ್ಟಿಗೆಯ ಬೀಗ ತೆಗೆಸಿ, ಒಂದೊಂದೇ ಲಕೋಟೆ ಒಡೆದು ದರ ಓದಿದರು. ಯಲ್ಲಾಪುರದವರದು ಎಲ್ಲರಿಗಿಂತ ಹೆಚ್ಚು. ಅವನದು ಶಿರಸಿಯವರಿಗಿಂತ ಕಡಿಮೆ. ನನ್ನದು ಅವನಿಗಿಂತಲೂ ಕಡಿಮೆ. ನಾನು ತಿರುಗಿ ಅವನ ಮುಖ ನೋಡಿದೆ. ಅದು ಬಾಡುವುದನ್ನು ನೋಡಲೆಂದೇ ಇಷ್ಟೆಲ್ಲ ಮಾಡಿದ್ದು ಎಂದರೂ ಸುಳ್ಳಲ್ಲ. ಅವನು ಬೆರಳಿಗೆ ಹತ್ತಿದ ಶಾಯಿಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಅಧಿಕಾರಿಗಳು ನನ್ನ ಬಿಳಿ ಹಾಳೆ ಬಿಡಿಸಿದರು. ಪೂರ್ತಿ ಓದಿ ಗುಮಾಸ್ತರಿಗೆ ಕೊಟ್ಟರು. ಗುಮಾಸ್ತರು ಓದಿ, ಫಾರಂ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಷರತ್ತು ಹಾಕಿದ ಟೆಂಡರುಗಳನ್ನು ತಿರಸ್ಕರಿಸಲಾಗುವುದು. ನನಗೆ ಬಾಯಿಪಾಠವಿದ್ದ ಸಾಲು.

“ಇದು ಷರತ್ತಲ್ಲ ಸರ್, ಸಲಹೆ” ಎಂದು ಎದ್ದು ನಿಂತೆ. ಅಂತರಕಾಲೇಜು ಸ್ಪರ್ಧೆಯಲ್ಲೂ ಅಷ್ಟು ಚೆನ್ನಾಗಿ ನಾನು ಮಾತಾಡಿರಲಿಲ್ಲ. ಮಕ್ಕಳ ಹೆಸರು, ಮಾಸ್ತರರ ಕಷ್ಟ, ಸರ್ಕಾರಕ್ಕೆ ಉಳಿಯುವ ಹಣ, ಎಲ್ಲ ಬಂತು. ಅಧಿಕಾರಿಗಳು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಹೇಳಿದರು:

“ನೀವು ಹೇಳಿದ್ದೆಲ್ಲ ಸರಿ ಇದೆ. ಆದರೂ ತಗೊಳ್ಳೋಕೆ ಬರಲ್ಲ. ಇವರು ಮೂವರೂ ನಾನು ಕೊಟ್ಟ ಮಾದರಿಗೆ ದರ ಹಾಕಿದಾರೆ. ನೀವು ನಿಮ್ಮ ಮಾದರಿಗೆ ಹಾಕಿದೀರಿ. ನಾಳೆ ಇನ್ನೊಬ್ಬರು ದಪ್ಪ ರಟ್ಟು ಬೇಡ ಅಂತಾರೆ. ಆಗ ಯಾರ ದರ ಪಕ್ಕ ಯಾರ ದರ ಇಟ್ಟು ನೋಡ್ಲಿ?”

ಅದು ನಾನೇ ಮಂಡಿಸಬೇಕಿದ್ದಂಥ ವಾದ. ಒಳಗಿನ ಕೈ ಎಂದು ನಾನು ಊಹಿಸಿದ್ದು ಆ ಕೋಣೆಯಲ್ಲಿ ಎಲ್ಲೂ ಇರಲಿಲ್ಲ. ಡಿ.ಡಿ. ವಾಪಸ್ ಪಡೆದು ಸಹಿ ಹಾಕಿ ಹೊರಬಂದೆ.

ಅವನು ಹಿಂದೆಯೇ ಬಂದ. “ಚಾ ಕುಡಿಯೂದೇನಾ ತಮ್ಮಾ?”

“ಬೇಡ.”

“ಆ ಕಾಲಂ ಸಣ್ಣ ಆಗಿದ್ದು ನಂಗೂ ಕಂಡಿತ್ತು ಮಾರಾಯಾ. ಫಾರಂ ತಗಂಡ ದಿನವೇ ಬಂದು ಕೇಳ್ದೆ. ಈಗ ಮಾದರಿ ಹ್ಯಾಂಗಿದ್ಯೋ ಹಾಂಗೇ ದರ ಹಾಕು, ಆರ್ಡರ್ ಆದ್ಮೇಲೆ ಅರ್ಜಿ ಕೊಡು, ಬರೆದು ಒಪ್ಪಿಗೆ ಕೊಡ್ತೇವೆ ಅಂದ್ರು.”

“ಮೊದಲೇ ಕೇಳಬೇಕು ಅಂತ ಯಾರು ಹೇಳಿಕೊಟ್ರು ನಿಂಗೆ?”

ಅವನಿಗೆ ನಗು ಬಂತು. “ಮತ್ಯಾರು, ನಿಮ್ಮ ಅಪ್ಪ. ಮೊಳೆ ಕೈಗೆ ತಗಳೂ ಮೊದ್ಲೇ ಕೆಲಸ ಕೊಟ್ಟ ಪಾರ್ಟಿಯವ್ರ ಹತ್ರ ಕೇಳು, ನಿನ್ನ ಬುದ್ಧಿ ಸೇರಿಸಿ ಜೋಡಿಸ್ಬ್ಯಾಡ ಅಂತ ದಿನಾ ಬೈತಿದ್ರಲ. ನೀನು ಕೇಳ್ಲಿಲ್ವಾ?”

ಕೇಳಿದ್ದೆ. ಓಣಿಯಲ್ಲಿ ಹೋಗುವವರಿಗೂ ಕೇಳುವಂತೆ ಬೈಯುತ್ತಿದ್ದರು. ಅದು ಕೆಲಸಗಾರರಿಗೆ ಹೇಳುವ ಮಾತು ಎಂದುಕೊಂಡು ನಾನು ಭಾಷಣ ಬಾಯಿಪಾಠ ಮಾಡಲು ಮೇಲಿನ ಕೋಣೆಗೆ ಹೋಗುತ್ತಿದ್ದೆ. ಆ ಮಧ್ಯಾಹ್ನ ಟೆಂಡರಿಗಿಂತ ಹೆಚ್ಚು ನಾನು ಉರಿದದ್ದು ಆ ಬೈಗುಳಕ್ಕೆ. ನಾಲ್ಕು ವರ್ಷ ದಿನವೂ ಬೈಸಿಕೊಂಡಿದ್ದಾನೆ, ಅದೂ ನನ್ನ ಅಪ್ಪನಿಂದ. ನನಗೆ ಅವರು ಒಮ್ಮೆಯೂ ಹಾಗೆ ಬೈದು ಕಲಿಸಿರಲಿಲ್ಲ.

ಅಪ್ಪನಿಗೆ ನಡೆದದ್ದೆಲ್ಲ ಹೇಳಿದೆ. ಹಾಳೆಯ ನಕಲನ್ನೂ ತೋರಿಸಿದೆ. ಕೊನೆಯವರೆಗೆ ಓದಿ, “ಚಂದ ಬರದ್ದೆ” ಎಂದರು. ಅಷ್ಟೇ.

ವಾರ ಕಳೆದ ಮೇಲೆ ಅವನು ಶಿರಸಿಗೆ ಬಂದ. ಆರ್ಡರು ದೊಡ್ಡದು, ಒಂದು ಯಂತ್ರದಲ್ಲಿ ಮುಗಿಯುವಂತಿಲ್ಲ. ಕೆಲಸದ ಪಾಲು ನಮಗೆ ಕೊಡಬಹುದೇ ಎಂದು ಅಪ್ಪನನ್ನು ಕೇಳಿದ.

“ಹಾಗೆ ಬೇರೆಯವರಿಗೆ ಕೊಡೋಕೆ ನಿಯಮದಲ್ಲಿ ಅವಕಾಶ ಇಲ್ಲ” ಎಂದು ನಡುವೆ ನಾನು ಹೇಳಿದೆ. ನಿಯಮ ಹಾಗೇ ಇತ್ತು. ಆದರೆ ನಿಯಮದ ಮೇಲಿನ ಪ್ರೀತಿಗೆ ಹೇಳಿದ್ದಲ್ಲ. ಅವನು ಕೊಟ್ಟ ಕೆಲಸದಿಂದ ನಮ್ಮ ಬಾಗಿಲು ತೆರೆದಿರುವುದು ನನಗೆ ಬೇಡವಾಗಿತ್ತು.

ಅಪ್ಪ ನನ್ನ ಕಡೆ ನೋಡಿ, “ಹೌದು, ಅದು ಸರಿ” ಎಂದರು. ಆಮೇಲೆ ಅವನ ಕಡೆ ತಿರುಗಿ, “ಹಂಗಾದ್ರೆ ಯಂತ್ರವನ್ನೇ ತಗಂಡು ಹೋಗು. ಮೊಳೆ ಜೋಡಿಸೋ ಇವ್ರಿಬ್ರನ್ನೂ ಕೆಲಸಕ್ಕೆ ಇಟ್ಟುಕೊ” ಎಂದರು.

ಹೀಗೆ ಬಾಗಿಲು ಹಾಕಿದವನು ನಾನೇ. ಟ್ರೆಡಲ್ಲನ್ನು ಬಿಚ್ಚಿ ಲಾರಿಗೆ ಹೇರಿದರು. ಇಬ್ಬರು ಕೆಲಸಗಾರರೂ ಹೋದರು. ಜೋಡಿಸಿಕೊಟ್ಟು ಬರುತ್ತೇನೆಂದು ಅಪ್ಪನೂ ಹೋದವರು ಹತ್ತು ದಿನವಾದರೂ ಬರಲಿಲ್ಲ. ಕರೆದುಕೊಂಡು ಬಾ ಎಂದು ಅಮ್ಮ ನನ್ನನ್ನು ಕಳಿಸಿದಳು.

ಅವನ ಅಂಗಡಿಯ ಬಾಗಿಲಲ್ಲಿ ನಿಂತೆ. ಅಪ್ಪ ಅವನಿಗೆ ಏನಕ್ಕೋ ಜೋರಾಗಿ ಬೈಯುತ್ತಿದ್ದರು, ಅವನು ತಲೆ ಕೆರೆದುಕೊಳ್ಳುತ್ತ ನಗುತ್ತಿದ್ದ. ನನ್ನನ್ನು ಕಂಡು ಅಪ್ಪ ಮಾತು ನಿಲ್ಲಿಸಿದರು. ಆಗಷ್ಟೇ ತೆಗೆದ ಹಸಿ ಪ್ರೂಫು ನನ್ನ ಕೈಗೆ ಕೊಟ್ಟರು.

“ಬಂದ್ಯಾ ತಮಾ? ಇದ್ರ ಓದು. ಅಂವ ಜೋಡಿಸಿದ್ದು. ತಪ್ಪಿದ್ರೆ ಹೇಳು.”

ತಂದೆಯ ಹೆಸರಿನ ಕಾಲಂ ಅಗಲವಾಗಿತ್ತು; ಅದಕ್ಕೆ ಕಚೇರಿ ಕೊಟ್ಟ ಒಪ್ಪಿಗೆ ಪತ್ರ ಎಲ್ಲಿ ಎಂದು ಕೇಳಿದೆ. ಗೋಡೆಯ ಮೊಳೆಗೆ ಸಿಕ್ಕಿಸಿದ್ದನ್ನು ತೋರಿಸಿದರು. ಸಹಿ, ಮೊಹರು ಎಲ್ಲ ಇದ್ದವು. ಮೆಟ್ಟಿಲ ಮೇಲೆ ಬೆಳಕಿಗೆ ಕೂತು ಪ್ರೂಫನ್ನು ಮೇಲಿಂದ ಕೆಳಗೆ ಓದಿದೆ. ಕೆಳಗಿಂದ ಮೇಲೆ ಓದಿದೆ. ಒಂದಾದರೂ ಸಿಗಲಿ ಎಂದು ಮೂರನೇ ಸಲ, ಸಾಲು ಸಾಲಿಗೂ ಉಗುರು ಇಟ್ಟು ಓದಿದೆ. ಇಬ್ಬರೂ ಕೆಲಸ ನಿಲ್ಲಿಸಿ ಕಾಯುತ್ತಿದ್ದರು.

“ಒಂದೂ ತಪ್ಪಿಲ್ಲೆ” ಎಂದೆ.